ಅವ್ವನ ಪಿನ್ನು, ಅಮ್ಮಿಯ ಮಷಿನ್ನು

ನನ್ನ ಲ್ಯಾಪ್‌ಟಾಪ್ ಚೀಲದ ಜಿಪ್ಪು ಕೈಕೊಟ್ಟು ಬಹಳ ಕಾಲವಾಯಿತು. ಸದ್ಯ ಅದರ ಬಾಯಿ ಮುಚ್ಚಿಸಿರುವುದು ಒಂದು ಪಿನ್ನು. ಸೆರಗಿಗೆ ಹಾಕಿಕೊಳ್ಳುತ್ತೇವಲ್ಲ, ಅದೇ. ರಾಯಚೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳ ಚೀಲ ಹೀಗಿರಬಾರದು ಎಂದು ನನಗೂ ಅನ್ನಿಸುತ್ತದೆ. ಹೊಸದು ತರೋಣವೆಂದು ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ. ಪ್ರತಿ ಸೋಮವಾರ ಪಿನ್ನು ಹಾಕಿಕೊಂಡು ಹೊರಡುತ್ತೇನೆ.

ಮೊನ್ನೆ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಮೇಡಂ, ಸಣ್ಣಪುಟ್ಟ ಕೆಲಸಕ್ಕ ಶೆಲ್ ಸ್ಕ್ರಿಪ್ಟ್ ಬರೀಬೇಕೋ, ಪೈಥಾನ್ ಬರೀಬೇಕೋ? ಇಂಟರ್‌ವ್ಯೂದಾಗ ಕೇಳ್ತಾರಂತ್ರಿ.” ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಚೀಲದಿಂದ ವೈರು ಎಳೆಯಲು ಹೋಗಿ ಪಿನ್ನು ಬೆರಳಿಗೆ ಚುಚ್ಚಿತು. ಬೆರಳು ಬಾಯಿಗಿಟ್ಟುಕೊಂಡು ನಿಂತವಳಿಗೆ ಅವ್ವನ ಬಳೆ ನೆನಪಾಯಿತು, ಅಮ್ಮಿಯ ಮಷಿನ್ನು ನೆನಪಾಯಿತು, ಹೋದ ವರ್ಷದ ನೀಲಿ ಫ್ರಾಕುಗಳು ನೆನಪಾದವು. “ನಾಳಿ ಹೇಳ್ತೀನಿ” ಅಂದೆ. ಮೇಡಮ್ಮಿಗೆ ಉತ್ತರ ಗೊತ್ತಿಲ್ಲ ಎಂದುಕೊಂಡು ಆ ಹುಡುಗಿ ಸಮಾಧಾನದಿಂದ ತನ್ನ ಜಾಗಕ್ಕೆ ಹೋದಳು.

ಅವ್ವನ ಎಡಗೈ ಬಳೆಗಳಲ್ಲಿ ಯಾವಾಗಲೂ ನಾಲ್ಕಾರು ಪಿನ್ನು ತೂಗಾಡುತ್ತಿರುತ್ತವೆ. ದೇವದುರ್ಗದಲ್ಲಿ ನನ್ನ ಬಾಲ್ಯವೆಲ್ಲ ನಡೆದದ್ದು ಅವುಗಳ ಭರವಸೆಯ ಮೇಲೆಯೇ. ಕಾಲಿಗೆ ಜಾಲಿಮುಳ್ಳು ನಟ್ಟರೆ ಪಿನ್ನು. ಲಂಗದ ಲಾಡಿ ಒಳಗೆ ಸೇರಿಕೊಂಡರೆ ಅದರ ತುದಿಗೆ ಪಿನ್ನು ಚುಚ್ಚಿ, ಮೆಲ್ಲಮೆಲ್ಲಗೆ ಸರಿಸಿ, ಆಚೆ ತೂತಿನಿಂದ ಹೊರತೆಗೆಯುವುದು. ಚಪ್ಪಲಿಯ ಬಾರು ಕಿತ್ತರೆ ಅಡಿಯಿಂದ ಪಿನ್ನು ಹಾಕಿ ಕಾಲೆಳೆಯುತ್ತ ಮನೆ ಮುಟ್ಟುವುದು. ಹುಣಸೆಹಣ್ಣಿನ ನಾರು ಹಲ್ಲಿನ ಸಂದಿಗೆ ಸಿಕ್ಕಿದರೂ ಪಿನ್ನೇ. ಅದನ್ನು ನೆನೆದರೆ ಈಗ ಮೈ ಜುಂ ಎನ್ನುತ್ತದೆ.

ಒಮ್ಮೆ ಗಿಲ್ಲೆಸುಗೂರಿನ ಬಸ್ಸಿನಲ್ಲಿ ಯಾರೋ ಹೆಣ್ಣುಮಗಳ ಸೆರಗು ಸೀಟಿನ ತಗಡಿಗೆ ಸಿಕ್ಕಿ ಪರ್ರನೆ ಹರಿಯಿತು. ಆಕೆ ಮದುವೆಗೆ ಹೊರಟವಳು, ಅಳುವುದೊಂದೇ ಬಾಕಿ. ಅವ್ವ ಏನೂ ಕೇಳದೆ ಬಳೆಯಿಂದ ಎರಡು ಪಿನ್ನು ಬಿಚ್ಚಿ, ಹರಿದದ್ದನ್ನು ನೆರಿಗೆಯೊಳಗೆ ಅಡಗಿಸಿ ಹಾಕಿಕೊಟ್ಟಳು. ಆಮೇಲೆ ಬೆರಳೆತ್ತಿ ಎಚ್ಚರಿಕೆಯನ್ನೂ ಕೊಟ್ಟಳು: “ಇದು ಮನಿ ಮುಟ್ಟಾಕಷ್ಟ ಯವ್ವಾ. ನಾಳಿ ಹೊಲಿಸ್ಕೋ. ಪಿನ್ನಿನ ಮ್ಯಾಲ ವರ್ಷ ಕಳೀಬ್ಯಾಡ.” ಇಂಥ ಬುದ್ಧಿಮಾತನ್ನು ಮಗಳೂ ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಪಕ್ಕದ ಮನೆ ಗೆಳತಿ ಶಾಹೇದಾಳದು. ಅವಳ ಅಮ್ಮಿಯ ಹತ್ತಿರ ಕಾಲಿನಿಂದ ತುಳಿಯುವ ಹೊಲಿಗೆ ಮಷಿನ್ನು ಇತ್ತು. ಅದನ್ನು ಶುರು ಮಾಡುವುದೆಂದರೆ ಒಂದು ಸಮಾರಂಭ. ಮುಸುಕು ತೆಗೆಯಬೇಕು, ಎಣ್ಣೆ ಬಿಡಬೇಕು, ಬಾಬಿನ್ನಿಗೆ ದಾರ ಸುತ್ತಬೇಕು, ಬಟ್ಟೆಯ ಚೂರೊಂದರ ಮೇಲೆ ಹೊಲಿದು ನೋಡಬೇಕು. ಆಮೇಲೆ ಅಸಲು ಕೆಲಸ. ನಾನೊಮ್ಮೆ ಕಿತ್ತುಹೋದ ಒಂದು ಗುಂಡಿ ಹಿಡಿದುಕೊಂಡು ಹೋಗಿ, ಮಷಿನ್ನಿನಲ್ಲೇ ಹಾಕಿಕೊಡಬೇಕೆಂದು ಹಟ ಹಿಡಿದಿದ್ದೆ. ಮನೆಯಲ್ಲೆಲ್ಲ ದಖನಿ ಉರ್ದು ಆಡುವ ಅಮ್ಮಿ ನನ್ನ ಹತ್ತಿರ ಕನ್ನಡಕ್ಕೆ ಹೊರಳುತ್ತಿದ್ದರು. “ಅರೆ, ಇಷ್ಟಕ್ಕ ಮಷಿನ್ ಯಾಕ ಬೇಟಾ? ಹೋಗು, ನಿಮ್ಮವ್ವನ ಹತ್ರ ಒಂದ್ ಪಿನ್ ಇಸ್ಕೋ” ಎಂದು ಕಳಿಸಿಬಿಟ್ಟರು.

ಆದರೆ ನನ್ನ ಶಾಲೆಯ ಫ್ರಾಕು ಹೊಲಿಸುವ ಹೊತ್ತಿಗೆ ಅವ್ವನೇ ಬಟ್ಟೆ ಹಿಡಿದು ಅಮ್ಮಿಯ ಬಾಗಿಲಿಗೆ ಹೋಗುತ್ತಿದ್ದಳು. ಅಲ್ಲಿ ಅವಳದು ಒಂದೇ ಮಾತು: “ಬೆಳಿಯೋ ಕೂಸದ, ಚೂರು ದೊಡ್ಡದು ಹೊಲೀರಿ ಅಮ್ಮಿ.” ಅಮ್ಮಿ ಹೂಂ ಎನ್ನುತ್ತಿದ್ದರು. ಆ ಫ್ರಾಕಿನೊಳಗೆ ನಾನು ಎಲ್ಲಿದ್ದೇನೆ ಎಂದು ಹುಡುಕಬೇಕಾಗುತ್ತಿತ್ತು. ಕೆಳಗಿನ ಅಂಚನ್ನು ದಪ್ಪಗೆ ಮಡಿಚಿ ಹೊಲಿದಿರುತ್ತಿದ್ದರು. ವರ್ಷಕ್ಕೊಮ್ಮೆ ಒಂದು ಮಡಿಕೆ ಬಿಚ್ಚುವುದು. ಮೇಲಿನ ಬಟ್ಟೆ ಬಿಸಿಲಿಗೂ ಸೋಪಿಗೂ ಮಾಸಿ ಬೂದಿಯಾಗಿರುತ್ತಿತ್ತು, ಬಿಚ್ಚಿದ ಕಡೆ ಮಾತ್ರ ಕಡುನೀಲಿ ಪಟ್ಟಿ. ಕ್ಲಾಸಿನವರು ನನ್ನ ಪಟ್ಟಿಗಳನ್ನು ತೋರಿಸಿ, “ಇದು ಮೂರನೇ ಕ್ಲಾಸಿಂದು, ಇದು ನಾಕನೇ ಕ್ಲಾಸಿಂದು” ಎಂದು ನಗುತ್ತಿದ್ದರು. ನನಗೆ ನಾಚಿಕೆಯಾಗಿ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದೆ.

ಇಷ್ಟೆಲ್ಲ ಪುರಾಣ ಯಾಕೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿಗೆ ನಾವು ಕೊಡುವ ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟು. ಈ ಫೈಲು ಅಲ್ಲಿಗೆ ಹಾಕು, ಅದರ ಹೆಸರು ಬದಲಿಸು, ಇಂಥ ಸಾಲುಗಳನ್ನಷ್ಟೇ ಆರಿಸಿ ಕೊಡು. ಬರೆದ ಕೂಡಲೇ ಓಡುತ್ತದೆ. ಪೈಥಾನಿನಂಥ ಪೂರಾ ಭಾಷೆಯಾದರೆ ಕೊಂಚ ಕುಳಿತು ಯೋಚಿಸಬೇಕು. ಯಾವುದಕ್ಕೆ ಏನು ಹೆಸರು, ಯಾವ ಕೆಲಸ ಎಲ್ಲಿ ಎಂದು ವಿಂಗಡಿಸಬೇಕು. ಒಂದು ಬಳೆಯಲ್ಲಿ ತೂಗುವ ಪಿನ್ನು, ಇನ್ನೊಂದು ಮುಸುಕು ಹೊದ್ದ ಮಷಿನ್ನು. ನಾನು ಅವ್ವನ ಮಗಳು, ಹಾಗಾಗಿ ಪಿನ್ನಿನ ಪಕ್ಷ. ಸ್ಟಾಫ್ ರೂಮಿನ ನಮ್ಮ ಸಹೋದ್ಯೋಗಿಯೊಬ್ಬರು ಮೂರು ಫೋಟೋಗಳ ಹೆಸರು ಬದಲಿಸಲು ಪೈಥಾನ್ ತೆರೆದು, ಫೋಲ್ಡರು ಕಟ್ಟಿ, ಅರ್ಧ ದಿನ ಅದರ ಸೇವೆ ಮಾಡುತ್ತಾರೆ. ನಾನು ಒಂದು ಸಾಲು ಬರೆದು ಮುಗಿಸಿ, ಅವರಿಗೆ ಕಾಣುವಂತೆ ಚಹಾ ಕುಡಿಯುತ್ತೇನೆ. ನನ್ನ ಈ ಸೊಕ್ಕು ಇಳಿಯಲು ಒಂದು ಊರಿನ ಹುಡುಗಿಯರ ಫ್ರಾಕುಗಳೇ ಬೇಕಾದವು.

ಶಾಹೇದಾ ಮದುವೆಯಾಗಿ ಹೋದದ್ದು ಮಾನ್ವಿಗೆ. ಅಮ್ಮಿಯ ಮಷಿನ್ನನ್ನೂ ತನ್ನ ಜೊತೆಗೇ ಒಯ್ದಳು. ಅಮ್ಮಿ ಈಗಿಲ್ಲ, ಆ ಮಷಿನ್ನಿನ ಸುತ್ತ ಇನ್ನಷ್ಟು ಮಷಿನ್ನು ಸೇರಿ ಒಂದು ಹೊಲಿಗೆ ಸೆಂಟರ್ ಆಗಿದೆ. ಕುರ್ಡಿಯಿಂದಲೂ ಕವಿತಾಳದಿಂದಲೂ ಹೆಣ್ಣುಮಕ್ಕಳು ಬಸ್ಸಿನಲ್ಲಿ ಬಂದು ಹೊಲಿಯುತ್ತಾರೆ. ಬಟ್ಟೆ ಕತ್ತರಿಸುವುದು ಅವಳ ಮಾವ ಖಾಜಾ ಮಾಸ್ತರು, ಆಯುಷ್ಯವನ್ನೆಲ್ಲ ಕತ್ತರಿಯೊಡನೆ ಕಳೆದವರು. ಆದರೆ ಬಿಡಿ ಬ್ಲೌಸುಗಳಿಂದ ಸೆಂಟರ್ ಎಷ್ಟು ದಿನ ನಡೆದೀತು? ಹೋದ ವರ್ಷ ಬೇಸಿಗೆಯಲ್ಲಿ ಅವಳ ಮನೆಯವರು, ಈ ಸಲ ದೊಡ್ಡ ಆರ್ಡರ್ ಸಿಗದಿದ್ದರೆ ಬಾಗಿಲು ಹಾಕಿ ಮನೆಯಲ್ಲೇ ಹೊಲಿಯೋಣ ಎಂದುಬಿಟ್ಟಿದ್ದರು. ಅದೇ ಹೊತ್ತಿಗೆ ದೇವದುರ್ಗದ ಹುಡುಗಿಯರ ಶಾಲೆಯೊಂದರಿಂದ ಕರೆ ಬಂತು. ಮೊದಲು ನಾಲ್ಕನೇ ಕ್ಲಾಸಿನವರಿಗೆ ಫ್ರಾಕು ಹೊಲಿದು ತೋರಿಸಿ, ಸರಿಬಂದರೆ ಉಳಿದ ಕ್ಲಾಸಿನದೂ ನೋಡೋಣ ಎಂದರು ಅಲ್ಲಿನ ಹೆಡ್ ಟೀಚರು ಶಾಂತಮ್ಮ.

“ಗೌರಿ, ಎಲ್ಲಾ ಹುಡುಗ್ಯಾರ ಅಳತಿ ಒಂದs ಫೈಲಿನ್ಯಾಗ ಕಳ್ಸ್ಯಾರ. ನಮ್ಮ ಮಾವಗ ಒಬ್ಬೊಬ್ಬಾಕಿದು ಒಂದೊಂದು ಚೀಟಿ ಬೇಕಂತ. ನಿನ್ನ ಕಂಪ್ಯೂಟರ್‌ದಾಗ ಆಗ್ತದೇನು?” ಎಂದು ಶಾಹೇದಾ ಫೋನು ಮಾಡಿದಳು.

“ಇಷ್ಟs ಏನು? ಚಹಾ ಕುಡಿಯೋದ್ರಾಗ ಮಾಡಿ ಕಳಿಸ್ತೀನಿ” ಅಂದೆ.

ಮಾಡಿದೆ ಕೂಡ. ಅಳತೆ ತೆಗೆದುಕೊಂಡು, ಹೊಲಿಗೆಗೆಂದು ಬಿಡುವ ಬಟ್ಟೆ ಕೂಡಿಸಿ, ಹೆಸರಿನ ಜೊತೆ ಚೀಟಿ ಮುದ್ರಿಸುವ ಪುಟ್ಟ ಸ್ಕ್ರಿಪ್ಟು. ಮರುದಿನ, ಒಂದೇ ಅಳತೆಯವರ ಚೀಟಿ ಒಟ್ಟಿಗೆ ಬಂದರೆ ಬಟ್ಟೆ ಮಡಿಕೆ ಹಾಕಿ ಒಮ್ಮೆಗೇ ಕತ್ತರಿಸಬಹುದು ಎಂದರು ಮಾಸ್ತರು. ಸೇರಿಸಿದೆ. ಎದೆಯದು ಬೇರೆ, ಉದ್ದದ್ದು ಬೇರೆ ಬೇಕು ಎಂದರು. ಅದನ್ನೂ ಸೇರಿಸಿದೆ. ಪಿನ್ನಿಗೆ ಪಿನ್ನು ಸೇರಿಸುತ್ತ ಹೋದಂತೆ, ಸ್ಕ್ರಿಪ್ಟು ನನಗೇ ಓದಲಾಗದಷ್ಟು ಉದ್ದವಾಯಿತು. ಅಷ್ಟರಲ್ಲಿ ಅದು ನಿಂತೇ ಹೋಯಿತು. ನೋಡಿದರೆ, ಯಾರದೋ ಅಳತೆ ಇಪ್ಪತ್ತಾರೂವರೆ ಇಂಚು.

ನಾನು ಬಳಸುವ ಶೆಲ್ಲಿನ ಲೆಕ್ಕಕ್ಕೆ ಪೂರ್ಣ ಸಂಖ್ಯೆ ಮಾತ್ರ ಗೊತ್ತು. ಇಪ್ಪತ್ತಾರಕ್ಕೆ ಎರಡು ಕೂಡಿಸು ಎಂದರೆ ಕೂಡಿಸುತ್ತದೆ, ಇಪ್ಪತ್ತಾರೂವರೆಗೆ ಎಂದರೆ ಸಿಡುಕುತ್ತದೆ. ದರ್ಜಿಗಳ ಜಗತ್ತೋ ನಿಂತಿರುವುದೇ ಕಾಲು, ಅರ್ಧ, ಮುಕ್ಕಾಲಿನ ಮೇಲೆ. ಅರ್ಧದ ಲೆಕ್ಕ ಬಲ್ಲ ಬೇರೊಂದು ಉಪಕರಣವನ್ನು ನೆರವಿಗೆ ಕರೆಯಬಹುದಿತ್ತು; ಸುಮ್ಮನೆ ಪೈಥಾನಿನಲ್ಲಿ ಬರೆದರೂ ಆಗುತ್ತಿತ್ತು. ಆದರೆ ಚಹಾ ಆರುತ್ತಿತ್ತು. ಅರ್ಧ ಬಂದಲ್ಲೆಲ್ಲ ಮೇಲಿನ ಪೂರ್ಣಕ್ಕೆ ಏರಿಸು ಎಂದು ಬರೆದು ಕೈತೊಳೆದುಕೊಂಡೆ. ಅದಕ್ಕೆ ಸಮರ್ಥನೆಯೂ ಸಿದ್ಧವಿತ್ತು: ಬೆಳೆಯೋ ಮಕ್ಕಳು, ಸ್ವಲ್ಪ ದೊಡ್ಡದಾದರೆ ಏನೀಗ? ಅವ್ವನ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಖುಷಿಯೂ ಆಯಿತು.

ಫ್ರಾಕು ತೋರಿಸಬೇಕಾದ ಹಿಂದಿನ ದಿನ ಬೆಳಿಗ್ಗೆ ಶಾಹೇದಾಳ ಫೋನು. “ನೀ ಮೊದಲ ಬಾ ಬೇ” ಎಂದಳು. ದನಿಯಲ್ಲಿ ನಗು ಇರಲಿಲ್ಲ. ಅವ್ವ ಈಗ ರಾಯಚೂರಿನಲ್ಲಿ ನಮ್ಮ ಜೊತೆಗೇ ಇರುತ್ತಾಳೆ. ಮಾನ್ವಿ ಎಂದರೆ ಅಮ್ಮಿಯ ಮಷಿನ್ನು ನೋಡಿದಂತಾಗುತ್ತದೆ ಎಂದು ಅವಳೂ ಹೊರಟಳು.

ಸೆಂಟರಿನ ಹಗ್ಗದ ಮೇಲೆ ನೀಲಿ ಫ್ರಾಕುಗಳು ಸಾಲಾಗಿ ತೂಗುತ್ತಿದ್ದವು. ಶಾಹೇದಾ ಒಂದು ಫ್ರಾಕು ಇಳಿಸಿ ತನ್ನ ಚೂಡಿದಾರದ ಮೇಲೆಯೇ ತೊಟ್ಟುಕೊಂಡು ನನ್ನ ಮುಂದೆ ನಿಂತಳು. ನಾಲ್ಕನೇ ಕ್ಲಾಸಿನ ಹುಡುಗಿಯ ಫ್ರಾಕು, ಮಕ್ಕಳ ತಾಯಿಯಾದ ನನ್ನ ಗೆಳತಿಗೆ ಹಿಡಿದು ಹೊಲಿದಂತಿತ್ತು.

“ನಿನ್ನ ಚೀಟಿಗೆ ಏನಾಗಿತ್ತು?” ಎಂದಳು.

ನಾನು ಸಂಕೋಚದಿಂದ ಅರ್ಧ ಇಂಚಿನ ಕಥೆ ಹೇಳಿದೆ. ಹೊಲಿಗೆಗೆಂದು ಕೂಡಿಸಿದ್ದನ್ನೂ ಹೇಳಿದೆ. ಖಾಜಾ ಮಾಸ್ತರು ಕನ್ನಡಕ ತೆಗೆದರು. “ಹೊಲಿಗಿಗೆ ನೀವs ಬಿಟ್ಟಿದ್ರೇನು? ನಾನೂ ಬಿಟ್ಟೀನಲ್ರಿ! ಮ್ಯಾಲೆ ಒಂದಿಂಚು ಹೆಚ್ಚಿಗೀನೂ ಇಟ್ಟೀನಿ. ಬೆಳಿಯೋ ಹುಡುಗ್ಯಾರು ಅಂತ.” ಮಷಿನ್ನಿನ ಮುಂದೆ ಕುಳಿತಿದ್ದ ಕುರ್ಡಿಯ ಹೆಣ್ಣುಮಗಳು ತಲೆ ತಗ್ಗಿಸಿ, “ನಾವೂ ಅಂಚಿನ್ಯಾಗs ಹೊಲಿಗಿ ಹೊಡದೀವ್ರಿ, ಇಕ್ಕಟ್ಟಾಗಬಾರದಂತ” ಎಂದಳು. ಇನ್ನು ಉಳಿದವರು ಶಾಂತಮ್ಮ ಟೀಚರು. ಶಾಹೇದಾ ಧೈರ್ಯ ಮಾಡಿ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಕಳಿಸಿದ ಅಳತೆ ಖರೇ ಅಳತೆಯೇ ಎಂದು ಕೇಳಿದಳು.

ಆ ಕಡೆಯಿಂದ ಟೀಚರು ರಾಗ ಎಳೆದರು: “ಖರೇ ಅಳತಿ ಅಂದ್ರ... ಉದ್ದಕ್ಕ, ಎದಿಗೆ ಎರಡೆರಡು ಇಂಚ್ ಹೆಚ್ಚಿಗಿ ಬರದೀನ್ರಿ. ವರ್ಷಾ ವರ್ಷಾ ಎಲ್ಲಿ ಹೊಲಿಸ್ತಾರ ಪಾಪ. ಹುಲಿಗೆಮ್ಮ ಅಂತ ಒಬ್ಬಾಕಿ ಅದಾಳ, ಆಕಿದಷ್ಟ ಮೂರು. ಕ್ಲಾಸಿಗೇ ಗಿಡ್ಡಾಕಿ. ಬೆಳೀಲಿ ಅಂತ.”

ಶಾಹೇದಾ ನನ್ನ ಮುಖ ನೋಡಿದಳು, ನಾನು ಮಾಸ್ತರ ಮುಖ ನೋಡಿದೆ. ಮೊದಲು ನಕ್ಕವಳು ಅವ್ವ. ಅವಳ ನಗು ಬಳೆಗೆ ಇಳಿದು ಪಿನ್ನುಗಳೆಲ್ಲ ಕಿಣಿಕಿಣಿ ಎಂದವು. ಆಮೇಲೆ ಎಲ್ಲರೂ ನಕ್ಕೆವು. ಆದರೆ ನಗುತ್ತಲೇ ಶಾಹೇದಾಳ ಕಣ್ಣು ತುಂಬಿಬಂದದ್ದು ನನಗೆ ಕಂಡಿತು. ಬೆಳಗಾದರೆ ಶಾಲೆಗೆ ಒಯ್ಯಬೇಕು. ಈ ಡೇರೆಗಳನ್ನು ನೋಡಿದರೆ ಯಾರು ಆರ್ಡರ್ ಕೊಟ್ಟಾರು?

ಮಾಸ್ತರು ಕತ್ತರಿ ಕೈಗೆತ್ತಿಕೊಂಡರು. “ಹೆಚ್ಚಿಂದು ತೆಗೆದು ಒಗದ್ರಾತು.”

“ಬ್ಯಾಡ್ರಿ ಮಾಸ್ತರ” ಎಂದಳು ಅವ್ವ. “ಕತ್ತರಿಸಿದ್ದು ಮತ್ತ ಬರಂಗಿಲ್ಲ. ಒಳಗ ಮಡಿಚಿ ಹೊಲೀರಿ. ಬೆಳಿಯೋ ಕೂಸುಗಳು ಅಂತ ಇಷ್ಟೊತ್ತನ ನೀವs ಅಂದ್ರೆಲ್ಲ?”

ಮಡಿಚುವುದು ಸರಿ, ಎಷ್ಟು ಮಡಿಚುವುದು? ಒಬ್ಬೊಬ್ಬಳಿಗೆ ಒಂದೊಂದು ಲೆಕ್ಕ. ಕೆಲವರದು ಅರ್ಧದ ಅಳತೆ, ಕೆಲವರದು ಪೂರ್ಣ, ಹುಲಿಗೆಮ್ಮನದೇ ಬೇರೆ. ನನ್ನ ಸ್ಕ್ರಿಪ್ಟು ತೆರೆದು ನೋಡಿದೆ. ಎಲ್ಲಿ ಏನು ಕೂಡಿಸಿದ್ದೇನೆಂದು ನನಗೇ ಸಿಗಲಿಲ್ಲ. ಮೊದಲ ಬಾರಿಗೆ ಪಿನ್ನುಗಳನ್ನೆಲ್ಲ ತೆಗೆದಿಟ್ಟು, ಮಷಿನ್ನಿನ ಮುಸುಕು ತೆಗೆದೆ ಅನ್ನಿ. ಅಮ್ಮಿಯ ಮಷಿನ್ನಿನ ಪಕ್ಕದಲ್ಲೇ ಚಾಪೆ ಹಾಸಿ, ಪೈಥಾನಿನಲ್ಲಿ ಹೊಸದಾಗಿ ಬರೆಯಲು ಕೂತೆ. ಕೂಡಿಸಿದ ಒಂದೊಂದಕ್ಕೂ ಒಂದೊಂದು ಹೆಸರು ಕೊಟ್ಟೆ, ಅದೂ ಕನ್ನಡದಲ್ಲೇ: ಟೀಚರ್_ಪ್ರೀತಿ, ಮಾಸ್ತರ್_ಪ್ರೀತಿ, ಅಂಚಿನ_ಹೊಲಿಗೆ, ಗೌರಿಯ_ಸೋಮಾರಿತನ. ಎಲ್ಲ ಮೇಲೆಯೇ, ಯಾರು ತೆರೆದರೂ ಕಾಣುವಂತೆ. ಹುಲಿಗೆಮ್ಮನಿಗೆ ಒಂದು ಬೇರೆ ಸಾಲು. ಕೂತು ಬರೆದದ್ದಕ್ಕೆ ಹೊತ್ತು ಹಿಡಿಯಿತು. ನಡುವೆ ಎರಡು ಸಲ ಚಹಾ ಬಂತು, ಎರಡೂ ಆರಿದವು.

ಅಷ್ಟರಲ್ಲಿ ಅವ್ವ ತನ್ನ ಬಳೆಯ ಪಿನ್ನುಗಳನ್ನೆಲ್ಲ ಬಿಚ್ಚಿ ಹಂಚಿದ್ದಳು. ಹೊಲಿಯುವ ಹೆಣ್ಣುಮಕ್ಕಳೂ ತಮ್ಮ ತಮ್ಮ ಬಳೆಗಳಿಂದ, ಕರಿಮಣಿ ಸರದಿಂದ, ದುಪಟ್ಟಾದಿಂದ ಬಿಚ್ಚಿ ಹಾಕಿದರು. ನಾನು ಮಡಿಕೆಯ ಅಳತೆ ಹೇಳುತ್ತ ಹೋದೆ, ಅವ್ವ ಮಡಿಚಿ ಪಿನ್ನು ಹಾಕುತ್ತ ಹೋದಳು, ಶಾಹೇದಾ ಅಮ್ಮಿಯ ಮಷಿನ್ನಿನ ಮೇಲೆ ಹೊಲಿಯುತ್ತ ಹೋದಳು. ಪಕ್ಕದ ಹೊಲಿಗೆಗಳೂ ಒಳಗೆ ಸರಿದವು; ಬಟ್ಟೆ ಮಾತ್ರ ಒಂದು ಚೂರೂ ಹೊರಗೆ ಬೀಳಲಿಲ್ಲ. “ನಾಕೂವರಿ” ಎಂದು ನಾನು ಓದಿದಾಗ ಮಾಸ್ತರು ತಲೆಯೆತ್ತಿದರು. “ಹಾಂ, ಈಗ ನಿಮ್ಮ ಕಂಪ್ಯೂಟರಿಗೆ ಅರ್ಧ ಅಂದ್ರೇನಂತ ತಿಳೀತು ನೋಡ್ರಿ” ಎಂದು ಮೀಸೆಯಲ್ಲೇ ನಕ್ಕರು.

ಮರುದಿನ ಸಿರವಾರ ದಾಟಿ ದೇವದುರ್ಗ ಮುಟ್ಟುವವರೆಗೂ ಶಾಹೇದಾ ಗಂಟನ್ನು ತೊಡೆಯಿಂದ ಇಳಿಸಲಿಲ್ಲ. ಹುಡುಗಿಯರು ಫ್ರಾಕು ತೊಟ್ಟು ನಿಂತರು. ಮೊಣಕಾಲಿಗೆ ಸರಿಯಾಗಿತ್ತು. ಶಾಂತಮ್ಮ ಟೀಚರು ಒಬ್ಬಳ ಅಂಚು ತಿರುವಿ, ಒಳಗಿನ ಮಡಿಕೆಯನ್ನು ಬೆರಳಲ್ಲಿ ತಡವಿದರು.

“ಇದೇನ್ರಿ ಇಷ್ಟು ದಪ್ಪ?”

“ಮುಂದಿನ ವರ್ಷದ್ದರಿ” ಎಂದಳು ಶಾಹೇದಾ.

ಟೀಚರು ಕಾಲರು ಇನ್ನೂ ನೆಟ್ಟಗಿರಬೇಕಿತ್ತು ಎಂದರು. ಗುಂಡಿಯ ಬಣ್ಣ ಹಿಡಿಸಲಿಲ್ಲ ಎಂದರು. ಇಡೀ ಶಾಲೆಯದು ಕೊಡಲಿಲ್ಲ. “ಸದ್ಯ ಐದನೇ ಕ್ಲಾಸಿನತನ ನೀವು ಹೊಲೀರಿ. ಎಲ್ಲಾದಕ್ಕೂ ಹಿಂಗs ಮಡಿಕಿ ಇರಬೇಕು” ಎಂದರು. ಸೆಂಟರಿನ ಬಾಗಿಲು ತೆರೆದಿರಲು ಅಷ್ಟು ಸಾಕಿತ್ತು. ಹೊರಗೆ ಬಂದ ಕೂಡಲೇ ಶಾಹೇದಾ ನನ್ನ ಕೈ ಹಿಡಿದು ಜೋರಾಗಿ ಅಲುಗಾಡಿಸಿದಳು. ಚಿಕ್ಕವರಿದ್ದಾಗ ಆಟದಲ್ಲಿ ಗೆದ್ದರೆ ಹಾಗೆಯೇ ಮಾಡುತ್ತಿದ್ದಳು.

ಮೊನ್ನೆ ಲ್ಯಾಬಿನಲ್ಲಿ ಕೇಳಿದ ಆ ವಿದ್ಯಾರ್ಥಿನಿಗೆ ನಾನು ಮರುದಿನ ಇಷ್ಟೇ ಹೇಳಿದೆ. ಮನೆ ಮುಟ್ಟುವಷ್ಟು ಕೆಲಸಕ್ಕೆ ಶೆಲ್ ಸಾಕು, ಸಂಕೋಚಪಡಬೇಡ. ಅರ್ಧ-ಮುಕ್ಕಾಲಿನ ಲೆಕ್ಕ ಬಂತೋ, ನೀನು ಬರೆದದ್ದನ್ನು ಬೇರೆಯವರು ತೊಡಬೇಕಾಯಿತೋ, ಸಾಲಿಗೆ ಸಾಲು ಸೇರಿಸುತ್ತ ನಿನಗೇ ಓದಲಾಗದೆ ಹೋಯಿತೋ, ಆಗ ಎದ್ದು ಹೋಗಿ ಮಷಿನ್ನಿನ ಮುಸುಕು ತೆಗೆ. ಅವಳು ಮುಸುಕು ಎಂಬುದನ್ನೂ ಬರೆದುಕೊಂಡಳು. ಇಂಟರ್‌ವ್ಯೂನಲ್ಲಿ ಅದನ್ನು ಹೇಳಿ ಪೇಚಿಗೆ ಸಿಕ್ಕದಿದ್ದರೆ ಸಾಕು.

ಅವಳಿಗೆ ಹೇಳದೆ ಉಳಿಸಿಕೊಂಡದ್ದೊಂದಿದೆ, ಅದನ್ನು ನಿಮಗೆ ಹೇಳುತ್ತೇನೆ. ಈ ಜೂನಿನಲ್ಲಿ ಶಾಲೆ ಶುರುವಾದಾಗ ಮಡಿಕೆ ಬಿಚ್ಚಿಕೊಡಲು ಶಾಹೇದಾಳನ್ನು ಕರೆದರು. ಹೊಸ ಅಳತೆ ಹಾಕಿ, ಎಷ್ಟು ಬಿಚ್ಚಬೇಕೆಂದು ಅವಳೇ ಆ ಪ್ರೋಗ್ರಾಮಿನಿಂದ ತೆಗೆದಿದ್ದಳು. ‘ಗೌರಿಯ_ಸೋಮಾರಿತನ’ ಎಂದಿದ್ದಲ್ಲಿ ಸೊನ್ನೆ ಹಾಕಿ, ಅದನ್ನು ನನಗೆ ಫೋನು ಮಾಡಿ ಹೇಳಿ ಮನಸಾರೆ ನಕ್ಕಳು. ನಾನೂ ಅವ್ವನೂ ನೋಡಲು ಹೋದೆವು. ಈಗ ಐದನೇ ಕ್ಲಾಸಿನವರಾದ ಹುಡುಗಿಯರು ಬಿಚ್ಚಿದ ಫ್ರಾಕು ತೊಟ್ಟು ವರಾಂಡದಲ್ಲಿ ಸಾಲಾಗಿ ನಿಂತಿದ್ದರು. ಮೇಲೆ ಮಾಸಿದ ನೀಲಿ, ಕೆಳಗೆ ಎಲ್ಲರಿಗೂ ಒಂದೊಂದು ಕಡುನೀಲಿ ಪಟ್ಟಿ. ಒಬ್ಬಳದು ಎರಡು ಬೆರಳು, ಇನ್ನೊಬ್ಬಳದು ನಾಲ್ಕು ಬೆರಳು. ನಾನು ಮುಷ್ಟಿಯಲ್ಲಿ ಮುಚ್ಚಿಕೊಂಡು ಓಡಾಡಿದ ಪಟ್ಟಿ ಇದೇ ಅಲ್ಲವೇ? ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿತ್ತೋ ಈಗ ಎಷ್ಟು ನೋಡಿದರೂ ಕಾಣಲಿಲ್ಲ. ಇವಳು ಇಷ್ಟು ಬೆಳೆದಾಳು ಎಂದು ಯಾರೋ ಮೊದಲೇ ನಂಬಿದ್ದರು, ಅವಳು ಅಷ್ಟು ಬೆಳೆದಿದ್ದಳು.

ಸಾಲಿನ ಕೊನೆಯಲ್ಲಿ ಶಾಹೇದಾ ಒಬ್ಬ ಹುಡುಗಿಯ ಮುಂದೆ ಮಂಡಿಯೂರಿ ಕೂತು, ಅಂಚನ್ನು ಹಿಂದೆ ಮುಂದೆ ತಿರುವಿ ನೋಡುತ್ತಿದ್ದಳು. ಮಡಿಕೆ ಪೂರ್ತಿ ಬಿಚ್ಚಿಯಾಗಿತ್ತು. ಆದರೂ ಫ್ರಾಕು ಮೊಣಕಾಲಿಗಿಂತ ಎರಡು ಬೆರಳು ಮೇಲೆಯೇ ನಿಂತಿತ್ತು. “ಇನ್ನ ಬಟ್ಟೀನs ಇಲ್ಲ ಬೇ ಗೌರಿ, ಏನ್ ಮಾಡ್ಲಿ?” ಎಂದಳು. ಯಾರೆಂದು ನೋಡಿದರೆ, ಹೋದ ವರ್ಷ ಕ್ಲಾಸಿಗೇ ಗಿಡ್ಡಾಕಿ ಎನಿಸಿಕೊಂಡಿದ್ದ ಹುಲಿಗೆಮ್ಮ.

ಅವ್ವ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ಗಲ್ಲ ಹಿಡಿದು ಅಲುಗಿಸಿದಳು.

“ಇಷ್ಟು ಮಂದಿ ಕೂಡಿ ಹೆಚ್ಚಿಗಿ ಬಿಟ್ರೂ ಸಾಲಲಿಲ್ಲ ನೋಡು ನಿನಗ!”